ಯಾರ ಮನೆಯ ಮಾರ್ದನಿ?

ಮನೆಯಲ್ಲೇ ಹಾಡು ಮುದ್ರಿಸಿಕೊಳ್ಳುವವರ ಕೋಣೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕಿಟಕಿಗೆ ದಪ್ಪ ಪರದೆ, ಗೋಡೆಗೆ ಫೋಮ್ ಹಾಳೆ, ಅದಕ್ಕೆ ದುಡ್ಡು ಸಾಲದಿದ್ದರೆ ಹಳೆಯ ಕಂಬಳಿ, ಬಾಗಿಲ ಸಂದಿಗೆ ಮಡಚಿಟ್ಟ ಟವೆಲ್. ಫ್ಯಾನ್ ಆರಿಸಿ, ಪಕ್ಕದ ಮನೆಯ ಮಿಕ್ಸಿ ನಿಲ್ಲುವ ತನಕ ಕಾದು, ಮೈಕಿಗೆ ಬಾಯಿ ಹತ್ತಿರ ತಂದು ಹಾಡುತ್ತೇವೆ. ಈ ಪಾಡೆಲ್ಲ ಒಂದೇ ಕಾರಣಕ್ಕೆ: ನಾವಿರುವ ಕೋಣೆಯ ಸದ್ದು ಹಾಡಿನೊಳಗೆ ಬರಬಾರದು. ಹಾಗೆ ಒಣಗಿಸಿ ತೆಗೆದ ದನಿಗೆ ಆಮೇಲೆ ಇನ್ನೊಂದು ಕೋಣೆಯ ಸದ್ದನ್ನು ಸೇರಿಸುತ್ತೇವೆ. ಪ್ಲಗಿನ್ನಿನ ಪಟ್ಟಿ ತೆರೆದರೆ ಹೆಸರುಗಳು ಸಾಲಾಗಿ ನಿಂತಿರುತ್ತವೆ: ಯಾವುದೋ ಕೆಥೆಡ್ರಲ್, ಯಾವುದೋ ಸಂಗೀತಸಭಾಂಗಣ, ಯಾವುದೋ ಸುರಂಗ. ಒಂದನ್ನು ಕ್ಲಿಕ್ಕಿಸಿದರೆ ಸಾಕು, ಹತ್ತಡಿ ಕೋಣೆಯಲ್ಲಿ ಹಾಡಿದ ವಚನ ಯುರೋಪಿನ ಕಲ್ಲುಕಮಾನುಗಳ ಕೆಳಗೆ ಮೊಳಗತೊಡಗುತ್ತದೆ.

ಈ ಸಾಧನದ ಹೆಸರು ಕನ್ವಲ್ಯೂಷನ್ ರಿವರ್ಬ್. ಇದನ್ನು ಹೇಗೆ ಹೊಂದಿಸಬೇಕು ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹೊಂದಿಸುವಾಗ ನಾವು ಮಾಡುತ್ತಿರುವುದಾದರೂ ಏನು ಎಂದು ಕೇಳಿಕೊಳ್ಳುವುದು ಕಡಿಮೆ. ಒಂದು ಜಾಗದ ಮಾರ್ದನಿಯನ್ನು ಆ ಜಾಗದಿಂದ ಬಿಡಿಸಿ ತರಬಹುದೇ? ತಂದರೆ ಅದು ಕೇಳುವವರಿಗೆ ಮಾಡಿದ ಮೋಸವೇ, ಆ ಜಾಗಕ್ಕೆ ನಾವು ತೀರಿಸಬೇಕಾದ ಸಾಲವೇ, ಅಥವಾ ಎರಡೂ ಅಲ್ಲವೇ?

ಮೊದಲು ಅದು ಕೆಲಸ ಮಾಡುವ ಬಗೆ ನೋಡೋಣ. ಪ್ರಶ್ನೆಯ ಅರ್ಧ ಭಾಗ ಅಲ್ಲೇ ಇದೆ.

ಒಂದು ಖಾಲಿ ಹಜಾರದಲ್ಲಿ ಬಲೂನು ಒಡೆಯುತ್ತೇವೆ ಎನ್ನಿ. ಸದ್ದು ಕ್ಷಣಮಾತ್ರದ್ದು. ಆದರೆ ಅದು ಗೋಡೆಗೆ, ಸೂರಿಗೆ, ಕಂಬಕ್ಕೆ ಬಡಿದು ಸಾವಿರ ದಾರಿಯಲ್ಲಿ ಮರಳಿ ಬರುತ್ತದೆ. ಮೊದಮೊದಲು ಬಿಡಿಬಿಡಿಯಾಗಿ, ಆಮೇಲೆ ದಟ್ಟವಾಗಿ, ಕೊನೆಗೆ ಬರೀ ಗುಂಗಾಗಿ ಅಡಗುತ್ತದೆ. ಮೈಕಿನಲ್ಲಿ ಹಿಡಿದ ಈ ಇಡೀ ಮರಳಿಕೆಗೆ ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ: ಒಂದು ತಟ್ಟಿಗೆ ಆ ಕೋಣೆ ಕೊಟ್ಟ ಉತ್ತರ. ಬಲೂನಿನ ಬದಲು ಓಟದ ಪಂದ್ಯದ ಪಿಸ್ತೂಲು ಹಾರಿಸುವುದೂ ಉಂಟು. ಈಗ ಹೆಚ್ಚಾಗಿ ಬಳಸುವುದು ತೀರ ಕೆಳಗಿನ ಸ್ವರದಿಂದ ಕಿವಿಗೆ ಎಟುಕುವ ಮೇಲಿನ ಅಂಚಿನವರೆಗೆ ಸ್ಪೀಕರಿನಲ್ಲಿ ನಿಧಾನಕ್ಕೆ ಏರಿಸುವ ಒಂದು ಶಿಳ್ಳೆಯನ್ನು. ಅದರಿಂದ ತಟ್ಟಿನ ಉತ್ತರವನ್ನು ಲೆಕ್ಕಹಾಕಿ ತೆಗೆಯುತ್ತಾರೆ.

ಇನ್ನು ಹಾಡು. ಕಂಪ್ಯೂಟರಿನೊಳಗೆ ನಮ್ಮ ದನಿ ಸೆಕೆಂಡಿಗೆ 48,000 ಅಂಕಿಗಳ ಸಾಲು. ಪ್ರತಿ ಅಂಕಿಯನ್ನೂ ಒಂದೊಂದು ಸಣ್ಣ ತಟ್ಟು ಎಂದು ಭಾವಿಸಿ, ಪ್ರತಿಯೊಂದಕ್ಕೂ ಕೋಣೆಯ ಪೂರ್ತಿ ಉತ್ತರವನ್ನು ಅದರ ಜೋರಿಗೆ ತಕ್ಕಂತೆ ಹಚ್ಚಿ, ಎಲ್ಲವನ್ನೂ ಕೂಡಿಸಿದರೆ ಆ ಕೋಣೆಯಲ್ಲಿ ಹಾಡಿದಂತೆ ಕೇಳುತ್ತದೆ. ಹತ್ತು ಸೆಕೆಂಡಿನ ಗುಂಗು ಎಂದರೆ 4,80,000 ಅಂಕಿ. ನೇರವಾಗಿ ಗುಣಿಸುತ್ತ ಹೋದರೆ ಒಂದು ಸೆಕೆಂಡಿನ ಹಾಡಿಗೆ 2,304 ಕೋಟಿ ಗುಣಾಕಾರ. ಕಂಪ್ಯೂಟರು ಹಾಗೆ ಮಾಡುವುದಿಲ್ಲ. ಸದ್ದನ್ನು ಕಂಪನಾಂಕಗಳಾಗಿ ಬಿಡಿಸಿ ಗುಣಿಸಿ ಮತ್ತೆ ಹೊಲಿಯುವ ಅಡ್ಡದಾರಿ ಇದೆ. ಅಷ್ಟಾದರೂ ಇದು ಬಹಳ ಕಾಲ ಪ್ರಯೋಗಾಲಯದ ಕೆಲಸವಾಗಿತ್ತು. 1999ರಲ್ಲಿ ಸೋನಿ ಕಂಪನಿ ಹಾಡು ನಡೆಯುತ್ತಿರುವಾಗಲೇ ಇದನ್ನು ಮಾಡುವ ಪೆಟ್ಟಿಗೆಯೊಂದನ್ನು ತಂದಿತು. ಅದರ ಕೋಣೆಗಳು ಸಿಡಿ ತಟ್ಟೆಗಳಲ್ಲಿ ಬರುತ್ತಿದ್ದವು. ಇವತ್ತು ರೀಪರ್‌ನಂಥ ಅಗ್ಗದ ತಂತ್ರಾಂಶದೊಳಗೂ ಅದು ಜತೆಗೇ ಬರುತ್ತದೆ.

ದನಿಗೆ ಇಲ್ಲದ ಜಾಗವನ್ನು ಕೊಡುವುದೇನೂ ಹೊಸದಲ್ಲ. 1947ರಲ್ಲಿ ಬಿಲ್ ಪಟ್ನಮ್ ಎಂಬ ಅಮೆರಿಕದ ಧ್ವನಿತಜ್ಞ ಹಾರ್ಮೊನಿಕ್ಯಾಟ್ಸ್ ತಂಡದ ಹಾಡೊಂದಕ್ಕೆ ಸ್ಟುಡಿಯೋದ ಬಚ್ಚಲುಮನೆಯಲ್ಲಿ ಸ್ಪೀಕರ್ ಮತ್ತು ಮೈಕ್ ಇಟ್ಟು ಮಾರ್ದನಿ ಬೆರೆಸಿದ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ದೊಡ್ಡದೊಂದು ಉಕ್ಕಿನ ಹಾಳೆಯನ್ನು ಚೌಕಟ್ಟಿನಲ್ಲಿ ಬಿಗಿದು, ಅದರ ನಡುಕವನ್ನೇ ಮಾರ್ದನಿಯಾಗಿ ಮಾರಿತು. ನಮ್ಮ ಸಿನಿಮಾ ಹಾಡುಗಳಲ್ಲಂತೂ ಬೆಟ್ಟದ ಮೇಲೆ ನಿಂತ ನಾಯಕನ ಬಾಯಿಂದ ಬರುವುದು ಗಾಜಿನ ಕೋಣೆಯಲ್ಲಿ ನಿಂತ ಗಾಯಕರ ದನಿ. ಅದನ್ನು ಮೋಸವೆಂದು ಯಾರೂ ದೂರಿಲ್ಲ. ಮೋಸವಾಗಬೇಕಾದರೆ ಮೊದಲು ಒಂದು ಮಾತು ಕೊಟ್ಟಿರಬೇಕು. ನಾನು ಇಂಥ ಕಡೆ ನಿಂತು ಹಾಡಿದೆ ಎಂದು ಹಾಡು ಹೇಳುವುದಿಲ್ಲ, ಹಾಗಾಗಿ ಅದು ಸುಳ್ಳನ್ನೂ ಹೇಳುವುದಿಲ್ಲ. ಕೇಳುಗರಿಗೆ ವಂಚನೆ ಎಂಬ ಆಪಾದನೆಯನ್ನು ಇಲ್ಲಿಗೇ ಕೈಬಿಡಬಹುದು.

ಆದರೂ ಉಕ್ಕಿನ ಹಾಳೆಗೂ ಇಂಪಲ್ಸ್ ರೆಸ್ಪಾನ್ಸಿಗೂ ಒಂದು ವ್ಯತ್ಯಾಸವಿದೆ. ಹಾಳೆಯ ಮಾರ್ದನಿ ಚಿತ್ರ ಬರೆದಂತೆ. ಇಂಥದೇ ಊರು ಎಂದು ಅದು ಹೇಳಿಕೊಳ್ಳುವುದಿಲ್ಲ. ಇದು ಫೋಟೊ ಹಿಡಿದಂತೆ. ಒಂದು ದಿನ, ಒಂದು ಹೊತ್ತಿನಲ್ಲಿ, ಒಂದು ಕಟ್ಟಡದೊಳಗೆ ಯಾರೋ ನಿಂತು ಹಿಡಿದದ್ದು. ಅದಕ್ಕೆ ಹೆಸರಿದೆ, ವಿಳಾಸವಿದೆ. ಹೆಸರಿರುವ ಕಡೆ ಪ್ರಶ್ನೆ ಹುಟ್ಟುತ್ತದೆ.

ಈ ಪ್ರಶ್ನೆಯನ್ನು ಎದುರಿಸುವುದಕ್ಕೆ ಇಸ್ತಾಂಬುಲ್‌ನ ಹಗಿಯಾ ಸೋಫಿಯಾಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 537ರಲ್ಲಿ ಚರ್ಚಾಗಿ ಮುಗಿದ ಕಟ್ಟಡ ಅದು. 1453ರ ನಂತರ ಮಸೀದಿ. 1930ರ ದಶಕದಲ್ಲಿ ಮ್ಯೂಸಿಯಂ. 2020ರ ಜುಲೈಯಿಂದ ಮತ್ತೆ ಮಸೀದಿ. ಅಮೃತಶಿಲೆ ಹೊದ್ದ ಗೋಡೆ, ಮೇಲೆ ವಿಶಾಲ ಗುಮ್ಮಟ. ಒಳಗೆ ಒಂದು ದನಿ ಹುಟ್ಟಿದರೆ ಅದು ಆರುವುದಕ್ಕೆ ಹತ್ತು ಸೆಕೆಂಡಿಗೂ ಹೆಚ್ಚು ಬೇಕು. ಬೈಜಾಂಟೈನ್ ಕಾಲದ ಸ್ತೋತ್ರಗಳು ಈ ಮಾರ್ದನಿಯ ಮಡಿಲಲ್ಲಿ ಹಾಡಲ್ಪಟ್ಟವು. ಅದು ಮ್ಯೂಸಿಯಂ ಆಗಿದ್ದಾಗ ಒಳಗೆ ಹಾಡುವುದಕ್ಕೆ ಅನುಮತಿ ಇರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ್ತಿ ಬಿಸೇರಾ ಪೆಂಚೇವಾ ಅವರಿಗೆ ಆ ಸ್ತೋತ್ರಗಳು ಅಲ್ಲಿ ಹೇಗೆ ಕೇಳುತ್ತಿದ್ದವು ಎಂದು ತಿಳಿಯಬೇಕಿತ್ತು. ಹಾಡುವಂತಿಲ್ಲ ಎಂದಮೇಲೆ ಅವರು ಬಲೂನು ಒಡೆಸಿದರು. 2010ರಲ್ಲಿ, ಪ್ರವಾಸಿಗರು ಬರುವ ಮುಂಚೆ, ಹಿಂದೆ ಗಾಯಕರು ನಿಲ್ಲುತ್ತಿದ್ದ ಜಾಗದಲ್ಲಿ ಅಲ್ಲಿಯ ಕಾವಲುಗಾರರೊಬ್ಬರು ನಿಂತು ಬಲೂನು ಒಡೆದರು. ಆ ಸದ್ದಿನಿಂದ ಜೊನಾಥನ್ ಏಬಲ್ ಎಂಬ ಧ್ವನಿವಿಜ್ಞಾನಿ ಕಟ್ಟಡದ ಉತ್ತರವನ್ನು ಬಿಡಿಸಿ ತೆಗೆದರು. ಕಪೆಲ್ಲಾ ರೊಮಾನಾ ಎಂಬ ಗಾಯಕವೃಂದ ಕ್ಯಾಲಿಫೋರ್ನಿಯಾದ ಸಭಾಂಗಣವೊಂದರಲ್ಲಿ ಆ ಮಾರ್ದನಿಯೊಳಗೆ ಹಾಡಿತು. 2019ರಲ್ಲಿ ಅದು ಆಲ್ಬಮ್ ಆಗಿಯೂ ಬಂತು.

ಇಲ್ಲಿ ಕಳ್ಳತನ ಎನ್ನುವ ಮಾತು ನಿಲ್ಲುವುದಿಲ್ಲ. ಕಲ್ಲಿನಿಂದ ಒಂದು ಚೂರೂ ಕಡಿಮೆಯಾಗಿಲ್ಲ. ಮಾರ್ದನಿ ಅಲ್ಲಿ ಇದ್ದಷ್ಟೇ ಇದೆ. ಯಾರದು ಎಂದು ಕೇಳಿದರೂ ಒಬ್ಬರ ಕಡೆ ಬೆರಳು ತೋರಿಸಲಾಗದು. ಅದೇ ಗುಮ್ಮಟದ ಕೆಳಗೆ ಸುಮಾರು ಒಂಬತ್ತು ಶತಮಾನ ಸ್ತೋತ್ರ ಮೊಳಗಿದೆ, ಐದು ಶತಮಾನಕ್ಕೆ ಹತ್ತಿರ ಕುರಾನ್ ಪಠಣ ಮೊಳಗಿದೆ. ಗೋಡೆಗಳು ಎರಡಕ್ಕೂ ಉತ್ತರ ಕೊಟ್ಟಿವೆ. ಕಾನೂನಿನ ಲೆಕ್ಕದಲ್ಲಿ ಹಕ್ಕು ಸಿಗುವುದು ಸಾಮಾನ್ಯವಾಗಿ ಮುದ್ರಿಸಿಕೊಂಡವರಿಗೆ. ಕಲ್ಲು ಕೆತ್ತಿದವರಿಗೆ, ಕಮಾನು ಕಟ್ಟಿದವರಿಗೆ, ಆ ಬೆಳಗ್ಗೆ ಬಲೂನು ಹಿಡಿದು ನಿಂತವರಿಗೆ ಅದರಲ್ಲಿ ಪಾಲಿಲ್ಲ.

ನನ್ನನ್ನು ಕಾಡುವುದು ತಂದದ್ದರ ವಿಚಾರಕ್ಕಿಂತ ತರುವಾಗ ಬಿಟ್ಟುಹೋದದ್ದರ ವಿಚಾರ. 2010ರ ಆ ಬೆಳಗಿನ ಬಲೂನು ಒಡೆದದ್ದು ಖಾಲಿ ಮ್ಯೂಸಿಯಂನಲ್ಲಿ, ಬರಿಯ ಕಲ್ಲುನೆಲದ ಮೇಲೆ. ಆರಾಧನೆಯ ದಿನಗಳಲ್ಲಿ ಚರ್ಚು ಖಾಲಿ ಇರುತ್ತಿರಲಿಲ್ಲ. 2020ರಲ್ಲಿ ಮತ್ತೆ ಮಸೀದಿಯಾದಾಗ ನೆಲಕ್ಕೆಲ್ಲ ರತ್ನಗಂಬಳಿ ಹಾಸಿದರು. ಜನರ ಮೈ, ಬಟ್ಟೆ, ಹಾಸು ಎಲ್ಲವೂ ಸದ್ದನ್ನು ಕುಡಿಯುತ್ತವೆ. ಇದನ್ನು ಮೊದಲು ಅಳೆದು ತೋರಿಸಿದವರು ಹಾರ್ವರ್ಡ್‌ನ ವ್ಯಾಲೇಸ್ ಸೆಬೈನ್. 1895ರಲ್ಲಿ ಅಲ್ಲಿಯ ಫಾಗ್ ಮ್ಯೂಸಿಯಂನ ಉಪನ್ಯಾಸಕೊಠಡಿಯಲ್ಲಿ ಮಾತು ಕಲಸಿಹೋಗುತ್ತಿದ್ದುದಕ್ಕೆ ಪರಿಹಾರ ಹುಡುಕಲು ಅವರಿಗೆ ಹೇಳಲಾಯಿತು. ಪಕ್ಕದ ನಾಟಕಶಾಲೆಯ ಆಸನಗಳ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ಊದಿ, ಗಡಿಯಾರ ಹಿಡಿದು ಸದ್ದು ಅಡಗುವ ತನಕ ಎಣಿಸಿದರು. ದಿಂಬು ಹೆಚ್ಚಿದಂತೆ ಗುಂಗು ಕುಗ್ಗಿತು. ಹಾಗಾದರೆ ಕೋಣೆಯ ದನಿ ಎಂದರೆ ಗೋಡೆಗಳಷ್ಟೇ ಅಲ್ಲ, ಆ ಹೊತ್ತಿಗೆ ಅಲ್ಲಿ ಕೂತವರೂ ಹೌದು.

ಅಂದರೆ ನಾವು ಹಗಿಯಾ ಸೋಫಿಯಾ ಎಂದು ಕೇಳುವ ಆ ಮಾರ್ದನಿ ಚರ್ಚಿನದೂ ಅಲ್ಲ, ಈಗಿನ ಮಸೀದಿಯದೂ ಅಲ್ಲ. ಯಾರೂ ಪ್ರಾರ್ಥಿಸದೆ ಇದ್ದ ಒಂದು ಬೆಳಗಿನದು. ಸಂಶೋಧಕರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಪ್ಲಗಿನ್ನಿನ ಪಟ್ಟಿಯಲ್ಲಿ ಒಂದು ಕಟ್ಟಡದ ಹೆಸರು ಬಂದಾಗ ನಮಗೆ ಕಾಣುವುದು ಆ ಹೆಸರು ಮಾತ್ರ. ಈ ಸಾಧನದ ಗಣಿತವೇ ಕೋಣೆ ಎಂದೂ ಬದಲಾಗುವುದಿಲ್ಲ ಎಂದು ನಂಬಿ ಹೊರಡುತ್ತದೆ. ಹಾಡುವವರು ಅಲ್ಲಾಡುವುದಿಲ್ಲ, ಕೇಳುವವರು ತಲೆ ತಿರುಗಿಸುವುದಿಲ್ಲ, ಬಾಗಿಲು ತೆರೆಯುವುದಿಲ್ಲ, ಯಾರೂ ಒಳಗೆ ಬರುವುದಿಲ್ಲ. ಒಂದು ತಟ್ಟಿಗೆ ಕೊಟ್ಟ ಉತ್ತರವನ್ನೇ ಎಲ್ಲ ಮಾತಿಗೂ ಕೊಡುತ್ತ ಹೋಗುವುದು ಅದರ ಕೆಲಸ. ಮನುಷ್ಯರ ವಿಷಯದಲ್ಲಿ ಹೀಗೆ ಮಾಡಿದರೆ ನಾವು ಒಪ್ಪುವುದಿಲ್ಲ. ಒಬ್ಬರು ಒಮ್ಮೆ ಆಡಿದ ಮಾತನ್ನು ಹಿಡಿದುಕೊಂಡು, ಅವರು ಯಾವಾಗಲೂ ಇಷ್ಟೇ ಎಂದರೆ ಅದನ್ನು ಅನ್ಯಾಯ ಎನ್ನುತ್ತೇವೆ. ಜಾಗಗಳಿಗೆ ಹಾಗೆ ನೋವಾಗುವುದಿಲ್ಲ, ನಿಜ. ಆದರೆ ಆ ಜಾಗದಲ್ಲಿ ಬದುಕಿದವರು ಲೆಕ್ಕದಿಂದ ಜಾರಿಹೋದರು ಎಂಬುದೂ ಅಷ್ಟೇ ನಿಜ.

ಮಾರ್ದನಿಗೆ ಇನ್ನೊಂದು ಮುಖವಿದೆ, ಅದು ಹಾಡುವವರ ಕಡೆಯದು. ಕಪೆಲ್ಲಾ ರೊಮಾನಾದ ಗಾಯಕರು ಒಣ ದನಿಯಲ್ಲಿ ಹಾಡಿ ಮನೆಗೆ ಹೋಗಿ, ಆಮೇಲೆ ಯಾರೋ ಮಾರ್ದನಿ ಹಚ್ಚಿದ್ದಲ್ಲ. ಪ್ರತಿಯೊಬ್ಬರಿಗೂ ಹತ್ತಿರದ ಮೈಕ್ ಕಟ್ಟಿ, ಅವರ ದನಿ ಆ ಕ್ಷಣವೇ ಗುಮ್ಮಟದ ಉತ್ತರದೊಡನೆ ಅವರ ಕಿವಿಗೆ ಮರಳುವಂತೆ ಮಾಡಿದ್ದರು. ಹಾಗೆ ಕೇಳಿಸಿಕೊಳ್ಳುತ್ತ ಹಾಡಿದಾಗ ಅವರ ನಡೆಯೇ ನಿಧಾನವಾಯಿತು. ಒಂದು ಸ್ವರ ಆರುವ ಮೊದಲೇ ಇನ್ನೊಂದಕ್ಕೆ ಹಾರಿದರೆ ಎರಡೂ ಕಲಸಿಹೋಗುತ್ತವೆ. ಆ ಸಂಗೀತದಲ್ಲಿ ನಮ್ಮ ಶ್ರುತಿಯ ಹಾಗೆ ಕೆಳಗೆ ಒಂದೇ ಸ್ವರ ಹಿಡಿದುಕೊಂಡಿರುವ ಗಾಯಕರಿರುತ್ತಾರೆ. ಅಂಥ ಗುಮ್ಮಟದ ಕೆಳಗೆ ಆ ಆಧಾರಸ್ವರ ಯಾಕೆ ಸಲ್ಲುತ್ತದೆ ಎಂದು ಕೇಳಿದವರಿಗೆ ವಿವರಿಸಬೇಕಿಲ್ಲ.

ನಮ್ಮ ಸಂಗೀತ ಬೆಳೆದದ್ದು ಹೆಚ್ಚಾಗಿ ಇನ್ನೊಂದು ಬಗೆಯ ಜಾಗದಲ್ಲಿ: ಪಡಸಾಲೆ, ಅರಮನೆಯ ಹಜಾರ, ಕಂಬಗಳ ನಡುವೆ ಗಾಳಿಯಾಡುವ ಮಂಟಪ. ಕೇಳುವವರು ಎದುರಿಗೇ ಕೂತಿರುತ್ತಾರೆ. ಬೇಕಾದ ಗುಂಗನ್ನು ತಂಬೂರಿ ಕೊಡುತ್ತದೆ; ನಾವು ಮಾರ್ದನಿಯನ್ನು ಹೆಗಲಿಗೆ ಆನಿಸಿಕೊಂಡೇ ಹೋಗುವವರು. ತೋಡಿಯ ಗಾಂಧಾರವನ್ನು ಹತ್ತು ಸೆಕೆಂಡಿನ ಮಾರ್ದನಿಯಲ್ಲಿ ಓಲಾಡಿಸಿದರೆ ಓಲಾಟದ ಪ್ರತಿ ಅಂಚೂ ಹಿಂದಿನದರ ಮೇಲೆ ಬಿದ್ದು ಬಣ್ಣವೆಲ್ಲ ಕದಡುತ್ತದೆ. ಬಿರ್ಕಾಗಳ ಗತಿಯಂತೂ ಕೇಳುವುದೇ ಬೇಡ. ಪರಿಚಯದ ಗಾಯಕಿಯೊಬ್ಬರಿಗೆ ಅವರ ಒಣ ಮುದ್ರಣಕ್ಕೆ ದೊಡ್ಡ ಚರ್ಚಿನ ಮಾರ್ದನಿ ಹಚ್ಚಿ ಕೇಳಿಸಿದಾಗ ಅವರು ಹೆಡ್‌ಫೋನ್ ತೆಗೆದಿಟ್ಟು ಹೇಳಿದ್ದು ಇಷ್ಟು: "ಚೆನ್ನಾಗಿದೆ ಕಣ್ರೀ. ಆದ್ರೆ ಇಂಥ ಕಡೆ ನಿಂತಿದ್ರೆ ನಾನು ಹೀಗೆ ಹಾಡ್ತಾನೇ ಇರ್ಲಿಲ್ಲ."

ಆ ಮಾತಿನಲ್ಲಿ ಈ ಇಡೀ ಪ್ರಶ್ನೆಯ ತಿರುಳಿದೆ ಎನಿಸುತ್ತದೆ. ಜಾಗವೊಂದು ಉತ್ತರ ಕೊಟ್ಟರೆ ಮಾತಾಡಿದವರು ಅದನ್ನು ಕೇಳಿಸಿಕೊಂಡು ತಮ್ಮ ಮುಂದಿನ ಮಾತನ್ನು ತಿದ್ದಿಕೊಳ್ಳುತ್ತಾರೆ. ಹಾಗೆ ತಿದ್ದಿಕೊಳ್ಳುವುದಕ್ಕೆ ಅವಕಾಶವಿರುವ ಕಡೆ ಮಾತ್ರ ಅದನ್ನು ಸಂವಾದ ಎನ್ನಬಹುದು. ಆಮೇಲೆ ಹಚ್ಚಿದ ಮಾರ್ದನಿಯಲ್ಲಿ ಉತ್ತರವಿದೆ, ಕೇಳಿಸಿಕೊಂಡವರಿಲ್ಲ. ಗೋಡೆಗಳು ಮಾತಾಡುತ್ತವೆ, ಗಾಯಕಿ ಅಷ್ಟು ಹೊತ್ತಿಗೆ ಎದ್ದುಹೋಗಿದ್ದಾರೆ. ಕೇಳುಗರಿಗೆ ಇದು ಸುಳ್ಳಾಗಿ ತಟ್ಟದಿರಬಹುದು. ಹಾಡಿದವರಿಗೆ ಮಾತ್ರ ತಾವಿಲ್ಲದ ಊರಿನಲ್ಲಿ ತಮ್ಮ ದನಿ ಅಲೆಯುತ್ತಿರುವ ಅನುಭವ.

ಇದಕ್ಕೆ ಉಪಾಯವಿದೆ, ಮತ್ತು ಅದು ಪ್ಲಗಿನ್ ಹೊಂದಿಸುವ ಕೆಲಸದೊಳಗೇ ಇದೆ. ಮಾರ್ದನಿಯನ್ನು ಹಾಡಿನ ಸಾಲಿಗೇ ಸುರಿಯದೆ ಬೇರೆ ಕವಲಿನಲ್ಲಿಟ್ಟು, ದನಿಯನ್ನು ಅದಕ್ಕೆ ಬೇಕಾದಷ್ಟೇ ಕಳುಹಿಸಬೇಕು. ಕವಲಿನಲ್ಲಿ ಮಾರ್ದನಿ ಮಾತ್ರ ಇರಬೇಕು, ಮೂಲ ದನಿ ಇರಬಾರದು. ಇಂಪಲ್ಸ್ ಕಡತ 44,100ರ ವೇಗದಲ್ಲಿದ್ದು ನಮ್ಮ ಹಾಡು 48,000ದಲ್ಲಿದ್ದರೆ ಅದನ್ನು ಸರಿಹೊಂದಿಸಿಕೊಳ್ಳಬೇಕು, ಇಲ್ಲವಾದರೆ ಕೋಣೆಯ ಅಳತೆಯೇ ಕುಗ್ಗಿದಂತಾಗುತ್ತದೆ. ದನಿಗೂ ಮಾರ್ದನಿಗೂ ನಡುವೆ 20–30 ಮಿಲಿಸೆಕೆಂಡು ಬಿಡುವು ಕೊಟ್ಟರೆ ಸಾಹಿತ್ಯ ಸ್ಪಷ್ಟವಾಗಿ ಕೇಳುತ್ತದೆ. ಇವೆಲ್ಲ ಎಲ್ಲರೂ ಹೇಳುವ ಮಾತು. ನಾನು ಸೇರಿಸುವುದು ಒಂದೇ: ಇದನ್ನೆಲ್ಲ ಹಾಡುವುದಕ್ಕೆ ಮೊದಲೇ ಮಾಡಿ, ಹಾಡುವವರ ಹೆಡ್‌ಫೋನಿಗೆ ಆ ಮಾರ್ದನಿಯನ್ನು ಕೊಡಿ. ತಡವಾಗಿ ಕೇಳಿಸುತ್ತದೆ ಎಂಬ ಹಳೆಯ ನೆಪ ಈಗ ನಡೆಯುವುದಿಲ್ಲ. ಬಫರ್ 128ಕ್ಕೆ ಇಳಿಸಿದರೆ ಒಂದು ಕಂತಿನ ತಡ ಮೂರು ಮಿಲಿಸೆಕೆಂಡೂ ಆಗುವುದಿಲ್ಲ. ಗುಂಗನ್ನು ಸಣ್ಣ ಮತ್ತು ದೊಡ್ಡ ತುಂಡುಗಳಾಗಿ ಕತ್ತರಿಸಿ ಲೆಕ್ಕಹಾಕುವ ದಾರಿಯನ್ನು ವಿಲಿಯಂ ಗಾರ್ಡ್ನರ್ 1995ರಲ್ಲೇ ತೋರಿಸಿದ್ದಾರೆ. ಹಾಗೆ ಕೇಳಿಸಿಕೊಂಡು ಹಾಡಿದವರು ಆ ಜಾಗಕ್ಕೆ ಪೂರ್ತಿ ಹೋಗಿ ಬಂದಂತಾಗುವುದಿಲ್ಲ, ಆದರೆ ಅದರ ಮಾತಿಗೆ ಕಿವಿಗೊಟ್ಟಂತಾಗುತ್ತದೆ. ಕೇಳಿದ ಮೇಲೆ ಈ ಹಾಡಿಗೆ ಇಷ್ಟು ದೊಡ್ಡ ಕೋಣೆ ಬೇಡ ಎಂದು ಅವರಿಗೇ ಅನಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಮಾರ್ದನಿಯನ್ನು ಬಿಡಿಸಿ ತರುವುದೇ ತಪ್ಪು ಎಂಬ ವಾದವನ್ನು ನಾನು ಒಪ್ಪಲಾರೆ. ವೆನಿಸ್‌ನ ಲಾ ಫೆನಿಚೆ ಎಂಬ ಒಪೆರಾ ರಂಗಮಂದಿರ 1996ರ ಜನವರಿಯಲ್ಲಿ ಸುಟ್ಟುಹೋಯಿತು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಸಂಶೋಧಕರು ಅಲ್ಲಿಯ ಮಾರ್ದನಿಯನ್ನು ಅಳೆದಿಟ್ಟಿದ್ದರು. ಪ್ಯಾರಿಸ್‌ನ ನೋತ್ರ್‌ದಾಮ್‌ನಲ್ಲಿ 2013ರಲ್ಲಿ ಹಾಗೆ ಅಳತೆ ಮಾಡಿದ್ದರು. 2019ರ ಏಪ್ರಿಲ್‌ನಲ್ಲಿ ಅದರ ಸೂರು ಬೆಂಕಿಗೆ ಬಿತ್ತು. ಮುಂಚೆ ಹೇಗೆ ಕೇಳುತ್ತಿತ್ತು ಎಂದು ತಿಳಿಯಲು ಆಗ ಆ ಕಡತಗಳೇ ಸಾಕ್ಷಿ. ಹಗಿಯಾ ಸೋಫಿಯಾದ ಬಲೂನು ಕೂಡ ಹೀಗೆ ಸಾಕ್ಷಿಯೇ: ಹಾಸಿಲ್ಲದ ಆ ನೆಲದ ಸದ್ದು ಇವತ್ತು ಅಲ್ಲಿ ಇಲ್ಲ, ಕಡತದಲ್ಲಿ ಇದೆ. ಆದರೆ ಸಾಕ್ಷಿಗೆ ಬೆಲೆ ಬರುವುದು ಅದು ಯಾರದು, ಎಂದಿನದು, ಯಾವ ಸ್ಥಿತಿಯದು ಎಂದು ಗೊತ್ತಿದ್ದಾಗ. ಊರು ತೇದಿ ಇಲ್ಲದ ಸಾಕ್ಷಿ ಬರಿಯ ಅಲಂಕಾರ.

ನಮ್ಮ ಗೋಳಗುಮ್ಮಟವನ್ನೇ ನೋಡಿ. ಹದಿನೇಳನೆಯ ಶತಮಾನದ ಗೋರಿಕಟ್ಟಡ ಅದು. ಕೆಳಗೆ ಮಹಮ್ಮದ್ ಆದಿಲ್‌ಶಾಹ ಮಲಗಿದ್ದಾನೆ. ಮೇಲಿನ ಪಿಸುಮಾತಿನ ಮೊಗಸಾಲೆಗೆ ಹತ್ತಿದ ಶಾಲೆಮಕ್ಕಳು ತಮ್ಮ ಹೆಸರನ್ನೇ ಕೂಗಿ, ಅದು ಏಳೆಂಟು ಸಲ ಮರಳುವುದನ್ನು ಎಣಿಸುತ್ತಾರೆ. ಒಬ್ಬನ ಕೂಗು ಇನ್ನೊಬ್ಬಳ ಕೂಗಿಗೆ ಡಿಕ್ಕಿ ಹೊಡೆಯುತ್ತದೆ. ಅಲ್ಲಿಯ ಇಂಪಲ್ಸ್ ಹಿಡಿಯಬೇಕೆಂದರೆ ಈ ಮಕ್ಕಳನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿ, ಬಲೂನು ಒಡೆಯಬೇಕು. ಸಿಗುವ ಕಡತ ಶುದ್ಧವಾಗಿರುತ್ತದೆ. ಅಲ್ಲಿಗೆ ಒಮ್ಮೆ ಹೋಗಿಬಂದ ಯಾರಿಗೂ ಅದು ಗೋಳಗುಮ್ಮಟ ಎನಿಸಲಿಕ್ಕಿಲ್ಲ.

ಹಾಗಾಗಿ ಮಾರ್ದನಿ ತರುವವರಿಗೆ ನಾನು ಕೇಳಬಹುದಾದದ್ದು ಸಣ್ಣದು. ಯಾವ ಜಾಗದ್ದು, ಯಾವ ವರ್ಷದ್ದು, ಹಿಡಿದವರು ಯಾರು ಎಂದು ಹಾಡಿನ ವಿವರದಲ್ಲಿ ಒಂದು ಸಾಲು ಬರೆಯಿರಿ. ತಬಲಾ ನುಡಿಸಿದವರ ಹೆಸರು ಹಾಕುತ್ತೀರಲ್ಲ, ಹಾಗೆಯೇ. ಎಷ್ಟೋ ಉಚಿತ ಸಂಗ್ರಹಗಳ ಪರವಾನಗಿಯೇ ಅದನ್ನು ಕೇಳುತ್ತದೆ, ಕೇಳದಿದ್ದರೂ ಬರೆಯಬಹುದು. ಆಮೇಲೆ ಒಂದು ಬಲೂನು ಕೊಂಡು ನಿಮ್ಮದೇ ಮನೆಯ ಮೆಟ್ಟಿಲ ಬಳಿ, ಬಚ್ಚಲಲ್ಲಿ, ಊರಿನ ಹಳೆಯ ಬಾವಿಯ ಕಟ್ಟೆಯಲ್ಲಿ ಒಡೆದು ನೋಡಿ. ಫೋನಿನಲ್ಲಿ ಹಿಡಿದರೂ ಆದೀತು, ಮುಂದಿನ ಮೌನವನ್ನು ಕತ್ತರಿಸಿ ಪ್ಲಗಿನ್ನಿಗೆ ಎಳೆದು ಬಿಟ್ಟರೆ ಮುಗಿಯಿತು. ಒಂದು ಸೆಕೆಂಡಿನ ಬಡ ಮಾರ್ದನಿ ಅದು, ಕೆಥೆಡ್ರಲ್ಲಿನ ಮುಂದೆ ಏನೂ ಅಲ್ಲ. ಆದರೆ ಬಲೂನು ಒಡೆದ ಸದ್ದಿಗೆ ಯಾರಾದರೂ ಒಳಗಿಂದ "ಏನದು?" ಎಂದು ಕೂಗಿದರೆ ಆ ಮುದ್ರಣವನ್ನು ಅಳಿಸಬೇಡಿ.